ಮಾವನ ಫಿಯೆಟ್ಟಿಗೆ ದೋಣಿಯ ಮದ್ದು

ಮುಖೇಶನ ಬಲಗಾಲು ಕಾರಿನೊಳಗಿಂದಲೇ ನೆಲ ಮುಟ್ಟಿದ್ದು ಶನಿವಾರ ಬೆಳಿಗ್ಗೆ. ಡ್ರೈವರ್ ಸೀಟಿನಲ್ಲಿ ಕುಳಿತು ಎದುರಿನ ಗಾಜು ಒರೆಸುತ್ತಿದ್ದ, ಅಷ್ಟೇ. ಕಾಲಡಿಯ ಮ್ಯಾಟು ಕುಸಿಯಿತು, ಏನೋ ಪರ್ರನೆ ಹರಿದ ಸದ್ದಾಯಿತು, ಹಿಮ್ಮಡಿಗೆ ತಣ್ಣಗೆ ತಾಗಿತು. ಬಗ್ಗಿ ನೋಡಿದರೆ ಅಂಗಳದ ಹುಲ್ಲು.

ಸ್ವಂತ ಕಾರಾಗಿದ್ದರೆ ನಗಬಹುದಿತ್ತು. ಇದು ಮಾಯಿಲಪ್ಪ ಮಾವನ ಕಾರು. ತುಳುವರ ಮನೆಯಲ್ಲಿ ತಾಯಿಯ ಅಣ್ಣ ಒಂದು ಮಾತು ಹೇಳಿದರೆ ಅದರ ಮೇಲೆ ಅಪೀಲಿಲ್ಲ. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಆ ಮಾವ ತಮ್ಮ ಹಳೆಯ ಫಿಯೆಟ್ಟನ್ನು ಜೆಪ್ಪಿನ ಈ ಮನೆಯಂಗಳದಲ್ಲಿ ತಂದು ನಿಲ್ಲಿಸಿ, “ಒಂದು ವರ್ಷ ನೋಡಿಕೋ. ಸರಿಯಾಗಿ ಇಟ್ಟುಕೊಂಡ್ರೆ ನಿನ್ನ ಹೆಸರಿಗೆ ಮಾಡ್ತೇನೆ. ಇಲ್ಲಾಂದ್ರೆ ದೀಕ್ಷಿತ್ ಇದ್ದಾನೆ” ಎಂದಿದ್ದರು. ದೀಕ್ಷಿತ್ ಎಂದರೆ ಮುಖೇಶನ ಚಿಕ್ಕಮ್ಮನ ಮಗ. ಕೊಡಿಯಾಲ್‌ಬೈಲಿನ ಫ್ಲಾಟಿನಲ್ಲಿದ್ದಾನೆ, ಈಗಾಗಲೇ ಎರಡು ಕಾರಿದೆ, ಮೂರನೆಯದಕ್ಕೂ ಜಾಗವಿದೆ.

ಮುಖೇಶನಿಗೆ ಮಾತ್ರ ಈ ಕಾರೇ ಬೇಕು. ಚಿಕ್ಕಂದಿನಲ್ಲಿ ಮಾವನ ಪಕ್ಕ ಕುಳಿತು ಬಂದರಿಗೆ ಮೀನು ತರಲು ಹೋಗುವಾಗ ಹಾರ್ನ್ ಒತ್ತುವ ಅಧಿಕಾರ ಅವನದಾಗಿತ್ತು. ಅಷ್ಟು ದೊಡ್ಡ ಅಧಿಕಾರ ಅವನಿಗೆ ಆಮೇಲೆ ಕಚೇರಿಯಲ್ಲೂ ಸಿಗಲಿಲ್ಲ, ಮನೆಯಲ್ಲೂ ಸಿಗಲಿಲ್ಲ. ಆ ಕಾರಿನ ತೀರ್ಮಾನ ಇವತ್ತು. ಸಂಜೆ ಮಾವ ಬರುತ್ತಾರೆ.

ತೂತಿನಿಂದ ಕಾಲೆಳೆದುಕೊಳ್ಳುವಾಗ ಮುಖೇಶ ಕೂಗಿದ್ದು ಮೆಲ್ಲಗೇ. ಆದರೂ ಹೆಂಡತಿ ಸೌಜನ್ಯ ಬರುವ ಮೊದಲೇ ಬೇಲಿಯಾಚೆಯ ಮನೆಯಿಂದ ಅಬ್ದುಲ್ಲಾಕ ಬಂದರು. ದುಬೈಯಲ್ಲಿ ಟ್ಯಾಕ್ಸಿ ಓಡಿಸಿ ಊರಿಗೆ ಮರಳಿದ ಮೇಲೆ ಅವರು ಜೆಪ್ಪಿನ ಯಾವ ವಾಹನದ ಕಾಯಿಲೆಯನ್ನೂ ನೋಡದೆ ಬಿಟ್ಟವರಲ್ಲ. ಕಾರಿನಡಿಗೆ ಅಂಗಾತ ಮಲಗಿ ಟಾರ್ಚ್ ಬಿಟ್ಟರು.

“ಇದು ತುಕ್ಕಲ್ಲ ಮಾರಾಯ. ನಲವತ್ತು ವರ್ಷದ ಬಂಗುಡೆ!”

“ಎಂತ ಅಬ್ದುಲ್ಲಾಕ?”

“ನಿನ್ನ ಮಾವ ಮೀನಿನ ಚೀಲ ಇಡುದು ಎಲ್ಲಿ? ಕಾಲ ಬುಡದಲ್ಲಿ. ಐಸಿನ ಉಪ್ಪುನೀರು ಇಳಿದು ಇಳಿದು ತಗಡು ಹಪ್ಪಳ ಆಗಿದೆ. ಟಿಂಕರಿಂಗಿಗೆ ಕೊಡ್ಬೇಕು, ಹೊಸ ಶೀಟು ವೆಲ್ಡ್ ಮಾಡ್ಬೇಕು. ಒಂದು ವಾರದ ಕೆಲಸ ಉಂಟು.”

“ಮಾವ ಬರುದು ಇವತ್ತು!”

“ಹಾಗಾದ್ರೆ ತುಕ್ಕು ಹಿಡಿದದ್ದನ್ನಾದರೂ ಬಿಡಿಸುವ. ಗಟ್ಟಿ ತಗಡು ಎಲ್ಲಿಂದ ಶುರು ಅಂತ ಗೊತ್ತಾಗ್ಲಿ.”

ಅಬ್ದುಲ್ಲಾಕ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದರು. ಅಂಗೈಯಷ್ಟಿದ್ದ ತೂತು ಊಟದ ತಟ್ಟೆಯಷ್ಟಾಯಿತು. ಇನ್ನೂ ಬಡಿದರು. ಗಟ್ಟಿ ತಗಡು ಹಿಂದೆ ಹಿಂದೆ ಸರಿಯಿತೇ ಹೊರತು ಕೈಗೆ ಸಿಗಲಿಲ್ಲ. ಕೊನೆಗೆ ತೂತು ಅಕ್ಕಿ ಕೇರುವ ಗೆರಸೆಯಷ್ಟಾದಾಗ ಮುಖೇಶ ಅವರ ಕೈಯಿಂದ ಸುತ್ತಿಗೆ ಕಸಿದುಕೊಂಡ.

ಇದನ್ನೆಲ್ಲ ಮಹಡಿಯಿಂದ ನೋಡುತ್ತಿದ್ದವರು ಮೇಲಿನ ಮನೆಯ ಬೆನಿಟಾ ಬಾಯಿ. ಎಪ್ಪತ್ತು ದಾಟಿದ ನಿವೃತ್ತ ಟೀಚರು. “ಅಳ್ಬೇಡ ಮುಖೇಶ್. ಕಿಟ್ಟುವನ್ನು ಕರಿ. ಸಮುದ್ರದಲ್ಲಿ ನೀರು ಬಾರದ ಹಾಗೆ ಮಾಡುವವನಿಗೆ ರಸ್ತೆ ಎಂತ ಲೆಕ್ಕ?”

ಕಿಟ್ಟಣ್ಣ ಹಿಂದಿನ ಮನೆಯವನು. ಬಂದರಿನಲ್ಲಿ ಫೈಬರ್ ದೋಣಿಗಳ ತೂತು ಮುಚ್ಚುವುದು ಅವನ ಕಸುಬು. ಗಾಜಿನ ನೂಲಿನ ಚಾಪೆ, ಅಂಟಿನ ಡಬ್ಬ, ಅದು ಬೇಗ ಗಟ್ಟಿಯಾಗಲು ಬೆರೆಸುವ ಮದ್ದು ಎಲ್ಲವನ್ನೂ ತಂದು ಕಾರನ್ನು ಒಂದು ಸುತ್ತು ಬಂದ.

“ಅವಸರ ಉಂಟಲ್ಲಾ? ಮದ್ದು ಸ್ವಲ್ಪ ಜಾಸ್ತಿ ಹಾಕುವ” ಎಂದ.

ಮುಖೇಶ ಮಾವನಿಗೆ ಫೋನು ಮಾಡಿ, ಬಿಸಿಲು ಜೋರುಂಟು, ನಿಧಾನ ಬನ್ನಿ ಎಂದು ಎರಡೆರಡು ಬಾರಿ ಹೇಳಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ನೆಲ ಕಲ್ಲಿನಂತಾಗುತ್ತಿತ್ತು. ಅವನಿಗೆ ಜೀವ ಬಂದ ಹಾಗಾಯಿತು. ಡ್ರೈವರ್ ಕಡೆಯ ಬಾಗಿಲು ತೆರೆಯಲು ಹೋದ. ಬರಲಿಲ್ಲ.

“ಕಿಟ್ಟಣ್ಣಾ, ಬಾಗಿಲಿಗೆ ಎಂತ ಮಾಡಿದ್ದು?”

“ಅದರ ಅಡಿಯಲ್ಲಿ ಉದ್ದಕ್ಕೆ ಸಂದು ಇತ್ತು. ಮುಚ್ಚಿದೆ.”

“ಅದು ಬಾಗಿಲು ಮಾರಾಯ! ಸಂದು ಇರ್ಲೇಬೇಕು!”

“ನಮ್ಮಲ್ಲಿ ಸಂದು ಬಿಡುವ ಕ್ರಮ ಇಲ್ಲ” ಎಂದ ಕಿಟ್ಟಣ್ಣ, ಸ್ವಲ್ಪ ಬೇಸರದಿಂದಲೇ.

ಗೇಟಿನ ಹೊರಗೆ ಆಟೋ ನಿಂತಿತು. ಬಿಸಿಲು ಜೋರು ಎಂದು ಅಳಿಯ ಎರಡೆರಡು ಸಲ ಹೇಳಿದ್ದರಿಂದಲೇ ಅನುಮಾನಗೊಂಡು ಮಾವ ಮಧ್ಯಾಹ್ನವೇ ಬಂದಿಳಿದಿದ್ದರು. ಬಿಳಿ ಪಂಚೆ, ಬಿಳಿ ಅಂಗಿ, ಸೆಟೆದ ಬೆನ್ನು.

“ಎಂತ ವಾಸನೆ ಇದು?” ಮಾವ ಮೂಗು ಎತ್ತಿದರು.

“ನಂದು!” ಎಂದು ಮೇಲಿನಿಂದ ಬೆನಿಟಾ ಬಾಯಿ ಕೂಗಿದರು. “ನೇಲ್ ಪಾಲಿಶ್!”

ಮಾವ ಒಮ್ಮೆ ಮೇಲೆ ನೋಡಿ, ಹೆಚ್ಚು ವಿಚಾರಿಸದೆ ಕಾರಿನ ಹತ್ತಿರ ನಡೆದರು. “ಮಾವಾ, ಮೊದಲು ಚಹಾ ಕುಡೀರಿ” ಎಂದಳು ಸೌಜನ್ಯ. “ಆಮೇಲೆ” ಎಂದು ಅವರು ಹಿಡಿಗೆ ಕೈ ಹಾಕಿದರು. ಎಳೆದರು. ಇನ್ನೊಮ್ಮೆ ಎಳೆದರು. ಬಾಗಿಲು ಜಗ್ಗಲಿಲ್ಲ.

“ಮುಖೇಶಾ, ಇದೆಂತ?”

ದೀಕ್ಷಿತ್ ಈ ಕಾರಿನ ಹಾರ್ನ್ ಒತ್ತುವುದು ಮುಖೇಶನಿಗೆ ಆಗಲೇ ಕೇಳಿಸುತ್ತಿತ್ತು. ಅಷ್ಟರಲ್ಲಿ ಕಿಟ್ಟಣ್ಣ ಆಚೆ ಬಾಗಿಲಿನಿಂದ ನುಗ್ಗಿ ಒಳಗಿನಿಂದ ಹೆಗಲು ಕೊಟ್ಟ. ಚಟಾರನೆ ಬಾಗಿಲು ತೆರೆಯಿತು, ಮಾವ ಹಿಮ್ಮುಖವಾಗಿ ಹಾರಿ ಅಬ್ದುಲ್ಲಾಕನ ತೋಳಿಗೆ ಬಿದ್ದರು.

“ಹೊಸ ಕಾರಿನ ಬಾಗಿಲೂ ಹೀಗೇ ಅಲ್ವಾ ಮಾಯಿಲಪ್ಪಣ್ಣ, ಟೈಟ್!” ಎಂದು ಅಬ್ದುಲ್ಲಾಕ ಅವರನ್ನು ನೆಟ್ಟಗೆ ನಿಲ್ಲಿಸಿದರು.

ಮಾವ ಅಂಗಿ ಸರಿಮಾಡಿಕೊಂಡು ಸೀಟಿನಲ್ಲಿ ಕುಳಿತರು. ಸ್ಟಿಯರಿಂಗ್ ಮುಟ್ಟಲಿಲ್ಲ, ಹಾರ್ನ್ ಒತ್ತಲಿಲ್ಲ. ನೇರವಾಗಿ ಮ್ಯಾಟು ಎತ್ತಿದರು. ಎಡಗಾಲನ್ನು ಮೆಲ್ಲಗೆ ಊರಿದರು, ಆಮೇಲೆ ಬಲಗಾಲನ್ನು. ಧಡ್ ಎಂದು ಒಮ್ಮೆ ತುಳಿದರು. ಮುಖೇಶ ಕಣ್ಣು ಮುಚ್ಚಿಕೊಂಡ. ಮತ್ತೆ ಧಡ್, ಧಡ್. ನೆಲ ಅಲುಗಲಿಲ್ಲ.

ಮಾವ ಬಗ್ಗಿ ನೆಲವನ್ನು ಕೈಯಿಂದ ಸವರಿದರು.

“ಇಲ್ಲಿ ತೂತು ಇತ್ತಲ್ಲ ಮಾರಾಯ.”

“ನಿಮಗೆ ಗೊತ್ತಿತ್ತಾ ಮಾವಾ?”

“ಗೊತ್ತಿಲ್ದೆ? ಬಂದರಿನಿಂದ ಬರುವಾಗ ಗುಂಡಿಯ ನೀರು ಮೊಣಕಾಲಿನವರೆಗೆ ಹಾರಿತ್ತು. ಟಿಂಕರಿನವನು ನೋಡಿ, ಇನ್ನು ಗುಜರಿಗೇ ಅಂದ. ನನ್ನ ಕೈಯಿಂದ ಗುಜರಿಗೆ ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ. ನಿನ್ನ ಹೆಸರಿಗೆ ಮಾಡಿದ್ರೆ ನೀನೇ ಹಾಕ್ತೀ ಅಂತ ತಂದು ಬಿಟ್ಟದ್ದು.” ಮಾವ ಅಳಿಯನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ನೀನು ಇದನ್ನು ಬದುಕಿಸಿದಿಯಲ್ಲಾ ಮುಖೇಶಾ! ನಿನ್ನ ಉಪಕಾರ ಮರೀಲಿಕ್ಕಿಲ್ಲ.”

ಮುಖೇಶನ ಕಣ್ಣು ತುಂಬಿತು. ಅಬ್ದುಲ್ಲಾಕ ಕೆಮ್ಮಿದರು. ಸೌಜನ್ಯ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಕೀ ಕೊಡು” ಎಂದರು ಮಾವ.

“ಎಂತಕ್ಕೆ ಮಾವಾ?”

“ಮನೆಗೆ ಕೊಂಡು ಹೋಗ್ಲಿಕ್ಕೆ. ನೆಲ ಇಷ್ಟು ಗಟ್ಟಿ ಉಂಟು ಅಂತಾದ್ರೆ ನಾನು ಕಾರು ಬಿಟ್ಟುಕೊಡುದು ಎಂತಕ್ಕೆ? ನನಗೆ ಬಂದರಿಗೆ ಆಟೋದಲ್ಲಿ ಹೋಗಿ ಹೋಗಿ ಸಾಕಾಯ್ತು.”

ಮಾವನ ಮಾತಿಗೆ ಅಪೀಲಿಲ್ಲ. ಮುಖೇಶ ಕೀ ಕೊಟ್ಟ. ತಿರುಗಿಸಿದರೆ ಇಂಜಿನು ಒಮ್ಮೆ ಗೊರ ಗೊರ ಎಂದು ಸುಮ್ಮನಾಯಿತು. ಬ್ಯಾಟರಿ ಇಳಿದಿತ್ತು. ಮುಖೇಶನ ಮುಖದಲ್ಲಿ ಸಣ್ಣ ಆಸೆಯೊಂದು ಚಿಗುರಿತು.

“ನೂಕು ಮಾರಾಯ” ಎಂದರು ಮಾವ ಕಿಟಕಿಯಿಂದ ತಲೆ ಹೊರಹಾಕಿ.

ಅಬ್ದುಲ್ಲಾಕ ಒಂದು ಕಡೆ, ಕಿಟ್ಟಣ್ಣ ಒಂದು ಕಡೆ, ನಡುವೆ ಮುಖೇಶ. “ಇನ್ನೂ ಜೋರು! ಜೋರು!” ಎಂದು ಮಾವ ಒಳಗಿನಿಂದ ಹುರಿದುಂಬಿಸಿದರು. ಚಿಕ್ಕಂದಿನಿಂದ ಮಾವನ ಮಾತು ಮೀರಿ ಅಭ್ಯಾಸವಿಲ್ಲದ ಮುಖೇಶ ಮೈಯೆಲ್ಲ ಬಲ ಹಾಕಿ ನೂಕಿದ. ಗೇಟು ದಾಟುತ್ತಿದ್ದಂತೆ ಫಿಯೆಟ್ಟು ಹೊಗೆ ಉಗುಳಿ ಸ್ಟಾರ್ಟ್ ಆಗಿ, ಹಾರ್ನ್ ಹೊಡೆಯುತ್ತ ಇಳಿಜಾರಿನಲ್ಲಿ ಹೊರಟುಹೋಯಿತು.

ಮುಖೇಶ ಅಲ್ಲೇ ರಸ್ತೆಯ ಮಧ್ಯೆ ಏದುಸಿರು ಬಿಡುತ್ತ ನಿಂತಿದ್ದ. ಸೌಜನ್ಯ ಒಂದು ಲೋಟ ನೀರು ತಂದು ಕೊಟ್ಟಳು.

“ನೀವು ಸ್ವಲ್ಪ ಮೆಲ್ಲ ನೂಕಬಹುದಿತ್ತು” ಎಂದಳು.