ಜ್ವರಕ್ಕೆ ಕೂತ ಕಾರು

ಹಿಪ್ಪುನೇರಳೆ ಸೊಪ್ಪು ತಿನ್ನಿಸುವುದೊಂದನ್ನು ಬಿಟ್ಟು ಕಾರಿಗೆ ಉಳಿದೆಲ್ಲ ಉಪಚಾರವನ್ನೂ ಮಾಡಿದ ಮನುಷ್ಯ ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅವರು ನನ್ನ ಸೋದರಮಾವ. ಸೊಪ್ಪನ್ನಾದರೂ ಯಾಕೆ ಬಿಟ್ಟರು ಅಂತೀರಾ? ಅದನ್ನು ಯಾವ ಕಡೆಯಿಂದ ಹಾಕಬೇಕೆಂದು ನಾನು ಹೇಳಿಕೊಡಲಿಲ್ಲ, ಅಷ್ಟೆ!

ಕೈಲಾಂಚದ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುತ್ತಲೇ ತಲೆ ನರೆಸಿಕೊಂಡ ಮಾವನಿಗೆ ಕಾರಿನ ಹುಚ್ಚು ಹಿಡಿದದ್ದು ಅತ್ತೆಯ ಮಂಡಿನೋವಿನಿಂದ. ಅತ್ತೆಯ ಅಕ್ಕ ಇರುವುದು ಸಾತನೂರಿನಲ್ಲಿ. ಅತ್ತೆಗೆ ಬಸ್ಸಿನ ಮೆಟ್ಟಿಲು ಹತ್ತಲಾಗದು, ಮಾವನ ಮೊಪೆಡ್ಡಿನ ಹಿಂದೆ ಕೂರಲಾಗದು. ಅಕ್ಕನಿಗೋ ಸೊಂಟ ಹಿಡಿದು, ಕೋಲಿಲ್ಲದೆ ಹೊಸ್ತಿಲು ದಾಟಲಾಗದು. ಹೀಗಾಗಿ ಒಬ್ಬರ ಮುಖ ಒಬ್ಬರು ನೋಡಿ ವರ್ಷಗಳೇ ಆಗಿದ್ದವು. ಫೋನು ಮಾಡಿಕೊಟ್ಟರೆ "ಎಂಗಿದ್ದೀಯೇ?" ಅನ್ನುವಷ್ಟರಲ್ಲಿ ಇಬ್ಬರೂ ಅಳಲು ಶುರುಮಾಡುತ್ತಿದ್ದರು. ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಒಂದಿನ ಬಾಡಿಗೆ ಕಾರು ಮಾಡಿ ಮಾವ," ಅಂದೆ.

"ಬಾಡಿಗೆಯೋನು ಬಾಗ್ಲಲ್ಲಿ ನಿಂತ್ಕಂಡು ಹಾರ್ನ್ ಹೊಡೀತಾನೆ ಕಣ್ಲಾ. ಇವ್ಳು ಅವ್ರಕ್ಕನ್ ತಾವ ಬಾಯ್ ಬುಡಾ ಹೊತ್ಗೆ ಹೊರಡಿ ಅಂತಾನೆ. ನಮ್ದೇ ಒಂದಿರ್ಬೇಕು. ರಿಪೇರಿಗೆ ನೀನಿಲ್ವಾ?"

ಎಡವಟ್ಟಾದದ್ದೇ ಇಲ್ಲಿ. ಮೈಸೂರು ರಸ್ತೆಯುದ್ದಕ್ಕೂ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ ಅದು. ನಾನೂ ಒಂದು ಕಾರು ಫ್ಯಾಕ್ಟರಿ ಸೇರಿದ್ದೆ. ಇಡೀ ಕಾರನ್ನು ನಾನೇ ಮಾಡುತ್ತೇನೆಂದು ಊರೆಲ್ಲ ನಂಬಿತ್ತು. ನಿಜ ಹೇಳಲೇ? ಎಡಗಡೆಯ ಹಿಂಬಾಗಿಲಿಗೆ ಸುತ್ತ ರಬ್ಬರು ಕೂರಿಸುವುದು ನನ್ನ ಕೆಲಸ. ಬಲಗಡೆ ಬಾಗಿಲಿನವನು ಬೇರೆ! ಎಂಜಿನ್ನನ್ನು ನಾನು ನೋಡಿದ್ದರೆ ದೂರದಿಂದ, ಊಟಕ್ಕೆ ಹೋಗುವಾಗ.

ಮಾವನ ರೇಷ್ಮೆಗೂಡು ಕೊಳ್ಳುತ್ತಿದ್ದ ರಾಮನಗರದ ಭಾಯಿಯೊಬ್ಬರ ನೂಲಿನ ಶೆಡ್ಡಿನ ಹಿಂದೆ ಆ ಪುಟ್ಟ ಕಾರು ನಿಂತಿತ್ತು. ಹಿಂಭಾಗ ಯಾರೋ ಕೊಡಲಿಯಲ್ಲಿ ಕಡಿದಂತೆ ಮೊಟಕಾಗಿ ನಿಲ್ಲುವ ಮಾದರಿ. ಬಣ್ಣ ಯಾವುದಿತ್ತೋ ಭಾಯಿಗೇ ಮರೆತಿತ್ತು. ಗೂಡು ಕೊಳ್ಳುವವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳು ಗಿಲಗಿಲ ಅಂದರೆ ಗೂಡು ಚೆನ್ನಾಗಿದೆ ಎಂದು ಲೆಕ್ಕ. ಮಾವ ಹೋದವರೇ ಕಾರಿನ ಬಾಗಿಲಿಗೆ ಕಿವಿಯಿಟ್ಟರು.

"ಏಯ್, ಆ ಕಡೆಯಿಂದ ಅಲ್ಲಾಡ್ಸ್ಲಾ!"

ಅಲ್ಲಾಡಿಸಿದೆ. ಬಂಪರು, ಗಾಜು, ಸೀಟು, ಸೈಲೆನ್ಸರು, ಸದ್ದು ಮಾಡದ ಭಾಗವೇ ಇರಲಿಲ್ಲ. ಮಾವನ ಮುಖ ಅರಳಿತು.

"ಒಳ್ಗೆ ಜೀವ ಐತೆ ಕಣ್ಲಾ!"

ಜೀವವೇನೋ ನಿಜವಾಗಿಯೂ ಇತ್ತು. ಡ್ರೈವರ್ ಸೀಟಿನ ಮೇಲೆ ಒಂದು ಕೋಳಿ ಕಾವಿಗೆ ಕೂತಿತ್ತು! "ಬೇಕಂದ್ರೆ ಕೋಳೀನೂ ತಗೊಂಡೋಗಿ ಗೌಡ್ರೇ," ಅಂದರು ಭಾಯಿ. "ಬ್ಯಾಡ ಭಾಯಿ, ಕಾವಿಗೆ ಕುಂತಿರೋಳ್ನ ಎಬ್ಬುಸ್ಬಾರ್ದು," ಅಂದ ಮಾವ, ಮೊಟ್ಟೆ ಒಡೆದು ಮರಿಯಾಗಿ ತಾಯಿ ಇಳಿದು ಹೋಗುವವರೆಗೂ ಕಾದರು. ಆಮೇಲೆ ಟ್ರಾಕ್ಟರಿಗೆ ಕಟ್ಟಿ ಎಳೆದು ತಂದರು. ಅತ್ತೆ ಬಾಗಿಲಿಗೆ ಬಂದು ಮೇಲಿಂದ ಕೆಳಗೆ ನೋಡಿದರು.

"ನನ್ ಮಂಡೀನೇ ವಾಸಿ ಕಣಪ್ಪ. ಅದ್ರ ಪಾಡಿಗೆ ಅದು ನನ್ಜೊತೆ ಬತ್ತದೆ."

ನಾನು ರಜೆಯ ದಿನಗಳಲ್ಲಿ ಹೋಗಿ ಎಡಗಡೆಯ ಹಿಂಬಾಗಿಲಿಗೆ ರಬ್ಬರು ಕೂರಿಸಿಕೊಟ್ಟೆ. ನೀರೂ ನುಗ್ಗದಂತೆ ಕೂರಿಸಿದೆ. "ಮಿಕ್ಕಿದ್ದು?" ಅಂದರು ಮಾವ. ಮಿಕ್ಕಿದ್ದಕ್ಕೆ ಮೆಕ್ಯಾನಿಕ್‌ನನ್ನು ಕರೆಯಬೇಕಾಯಿತು. ಒಡೆದುಹೋಗಿದ್ದ ಗೇರಿನ ಗುಂಡು, ಗಾಜು ಇಳಿಸುವ ಹಿಡಿಗಳನ್ನೆಲ್ಲ ಮಾವ ಚನ್ನಪಟ್ಟಣಕ್ಕೆ ಒಯ್ದು, ಬೊಂಬೆ ಮಾಡುವ ಗೆಳೆಯರ ಕೈಲಿ ಮರದಲ್ಲಿ ಕಡೆಸಿ, ಕೆಂಪು, ಹಳದಿ, ಹಸಿರು ಅರಗು ಹಾಕಿಸಿ ತಂದರು. ಕಾರಿನೊಳಗೆ ಕೂತರೆ ಯಾವುದೋ ಮಗುವಿನ ತೊಟ್ಟಿಲಲ್ಲಿ ಕೂತಂತಾಗುತ್ತಿತ್ತು. ಓಡಿಸಿ ನೋಡಲೆಂದು ಹೋದಾಗ ಮೈಸೂರು ರಸ್ತೆಯಲ್ಲಿ ಹಿಡಿದು ನಿಲ್ಲಿಸಿದ ಪೊಲೀಸಿನವರು ಕಾಗದಪತ್ರ ಕೇಳುವುದನ್ನೇ ಮರೆತು, "ನಮ್ ಪಾಪೂಗೂ ಇಂಥದ್ದೊಂದು ಸಿಗುತ್ತಾ?" ಅಂತ ಗೇರು ಸವರಿ ಕಳಿಸಿದರು.

ಆದರೆ ಸಾತನೂರಿನ ದಾರಿ ಹಿಡಿಯುವ ಮುನ್ನ ಕಾರು ಕೊಟ್ಟಿಗೆಯ ಮುಂದೆ ಕೆಟ್ಟು ನಿಂತಿತು. ನೂಕಿದೆವು, ಬೈದೆವು, ಪೂಜೆ ಮಾಡಿದೆವು. ಊಹೂಂ.

"ಯಾರೂ ಮುಟ್ಬ್ಯಾಡಿ. ಜ್ವರಕ್ಕೆ ಕುಂತೈತೆ," ಅಂದರು ಮಾವ.

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಕೂರುತ್ತದೆ. ಅದನ್ನೇ ಜ್ವರಕ್ಕೆ ಕೂರುವುದು ಅನ್ನುವುದು. ಆಗ ಅದನ್ನು ಕದಲಿಸಬಾರದು, ತಾನಾಗಿಯೇ ಏಳಬೇಕು. ಅದು ಹುಳುವಿನ ಮಾತಾಯಿತು. ಕಾರು ಯಾವ ಪೊರೆ ಬಿಡಬೇಕು ಹೇಳಿ? ಮಾವ ಮಾತ್ರ ಬಾನೆಟ್ಟಿನ ಮೇಲೆ ಹಳೇ ಪೇಪರು ಹೊದಿಸಿ, ಸದ್ದು ಮಾಡಿದವರನ್ನೆಲ್ಲ ಗದರಿಸುತ್ತ ಕೂತರು. ಅವರು ತೋಟಕ್ಕೆ ಹೋದ ಸಮಯ ನೋಡಿ ನಾನು ಮೆಕ್ಯಾನಿಕ್‌ನನ್ನು ಕರೆಸಿದೆ. ಅವನು ಕಾರ್ಬುರೇಟರು ಬಿಚ್ಚಿ ಊದಿ ಕೂರಿಸಿದ್ದೇ ತಡ, ಕಾರು ಗುಡುಗಿತು. ಮಾವ ಸೊಪ್ಪಿನ ಹೊರೆ ಎಸೆದು ಓಡಿ ಬಂದರು.

"ನೋಡ್ದಾ? ಜ್ವರ್ದಿಂದ ಎದ್ದೈತೆ!"

ಮೆಕ್ಯಾನಿಕ್ ಬಾಯಿ ತೆರೆದ. ಅತ್ತೆ ಅವನ ಕೈಗೆ ಮಜ್ಜಿಗೆಯ ಲೋಟ ಕೊಟ್ಟು, "ಕುಡಿಯಪ್ಪ, ಸುಮ್ಕೆ ಕುಡಿ," ಅಂದರು.

ಗೂಡು ಮಾರಿ ಹುಳುಮನೆ ಖಾಲಿಯಾದ ಮಾರನೆಯ ದಿನ ಹೊರಟೆವು. ಅತ್ತೆ ಹಿಂದೆ, ನಾನು ಮುಂದೆ. ಮಾವ ಟಿಲ್ಲರು ಓಡಿಸಿ ಕಲಿತ ಕೈಯಲ್ಲಿ ಸ್ಟೇರಿಂಗನ್ನು ಅದುಮಿ ಹಿಡಿದು, ಬೇಲಿಯ ಆಡುಗಳಿಗೂ ದಾರಿ ಬಿಡುತ್ತ ಸಾಗಿದರು. ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕರು. ದಾರಿಯುದ್ದಕ್ಕೂ ಮಾವ ತಾಲೀಮು ಮಾಡುತ್ತಿದ್ದರು. ಷಡ್ಡಕನಿಗೆ ಮೊದಲು ಗೇರು ತೋರಿಸಬೇಕು, ಆಮೇಲೆ ಹಿಡಿಗಳು, ಕೊನೆಗೆ ಬಾನೆಟ್ಟು.

ತಲುಪಿದೆವು! ಕಾರನ್ನು ನೋಡಲು ಯಾರಿಗೆ ಪುರುಸೊತ್ತು? ಅಷ್ಟು ದೂರ ಮಡಿಸಿಟ್ಟ ಅತ್ತೆಯ ಮಂಡಿ ಬಿಡಿಸಿಕೊಳ್ಳಲೇ ಇಲ್ಲ. ಎತ್ತಿ ಇಳಿಸಲು ಹೋದರೆ "ಅಯ್ಯಯ್ಯೋ" ಅಂದರು. ಅಷ್ಟರಲ್ಲಿ ಅವರಕ್ಕ ಕೋಲೂರಿಕೊಂಡು, ಒಬ್ಬರ ಹೆಗಲು ಹಿಡಿದು, ಅಂಗಳಕ್ಕೆ ಬಂದೇಬಿಟ್ಟರು.

"ಇಳೀಬ್ಯಾಡ ಕಣೇ, ನಾನೇ ಬತ್ತೀನಿ. ಒಸಿ ಜರುಗು."

ಇನ್ನೊಂದು ಬಾಗಿಲಿನಿಂದ ನಿಧಾನವಾಗಿ ಒಳಗೆ ಕೂತರು. ತಂಗಿಯ ಕೆನ್ನೆ ಸವರಿದರು. ಇಬ್ಬರೂ ಅತ್ತರು. ಫೋನಿನಲ್ಲಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ಅಳು ಮುಗಿದ ಮೇಲೆ ಮಾತು ಶುರುವಾಯಿತು. ಊಟದ ತಟ್ಟೆಗಳು ಕಾರಿಗೇ ಹೋದವು, ಕಾಫಿಯೂ ಹೋಯಿತು. ಬಿಸಿಲು ಬಿದ್ದ ಕಡೆಯ ಕಿಟಕಿಗೆ ಮಾವ ತಮ್ಮ ಟವೆಲ್ಲು ಕಟ್ಟಿ ಬಂದರು. ಗೇರನ್ನು ಯಾರಿಗೂ ತೋರಿಸಲಿಲ್ಲ.

ಹೊತ್ತಿಳಿಯುವಾಗ ನನಗೆ ಗಾಬರಿಯಾಯಿತು. "ಮಾವ, ಒಂದೇ ಹೆಡ್‌ಲೈಟು ಉರಿಯೋದು. ಹೊರಡೋಣ ಅಂತ ಅತ್ತೆಗೆ ಹೇಳ್ಲಾ?"

ಹುಣಸೆಮರದ ಬುಡದಲ್ಲಿ ಕೂತಿದ್ದ ಮಾವ ನನ್ನ ಕೈ ಹಿಡಿದು ಕೂರಿಸಿಕೊಂಡರು. ಕಾರಿನೊಳಗಿಂದ ಅತ್ತೆಯ ನಗು ಕೇಳಿಸಿತು, ಕೇಕೆ ಹಾಕಿ ನಗುವ ಹುಡುಗಿಯ ನಗು. ಅತ್ತೆಗೆ ಹಾಗೆ ನಗಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಮಾವನ ಕಣ್ಣು ತುಂಬಿತ್ತು. ಇಷ್ಟು ದಿನ ಇವರನ್ನು ಹಾಸ್ಯ ಮಾಡಿಕೊಂಡೇ ಇದ್ದ ನನಗೆ ಇವರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

"ಮದ್ವೆ ಆದ ಹೊಸದ್ರಲ್ಲಿ ಇಂಗೇ ನಗೋಳು ಕಣ್ಲಾ," ಅಂದರು ಮಾವ. "ಬೆಳಿಗ್ಗೆ ಹೋಗಾನ, ಸುಮ್ಕಿರು."