ತುಳಸಿಗೆ ಹೊದಿಸಿದ ಮಡಿ ಪಂಚೆ

ಬಳ್ಳಾರಿಯಲ್ಲಿ ಹಿಮ ಬೀಳುತ್ತದೆಂದು ನಂಬಿರುವ ಜೀವ ಇಡೀ ಜಿಲ್ಲೆಗೆ ಒಂದೇ, ಅದು ನಮ್ಮ ಸೋದರತ್ತೆ! ಹಪ್ಪಳ ಒಣಗಲು ಇಟ್ಟರೆ ಕರಿದೇ ಕೈಗೆ ಸಿಗುವಂಥ ಬಿಸಿಲಿನ ಊರಿದು. ಆದರೆ ಎಲ್ಲೋ ಯಾರೋ ಗಿಡಗಳಿಗೆ ಬಟ್ಟೆ ಹೊದಿಸಿ ಹಿಮದಿಂದ ಕಾಪಾಡಿದ್ದನ್ನು ಟಿ.ವಿ.ಯಲ್ಲಿ ನೋಡಿದ್ದೇ ತಡ, ಧನುರ್ಮಾಸ ಬಂತೆಂದರೆ ಅತ್ತೆಯ ಎದೆ ಢವಢವ! ಸಂಜೆಯಾಗುತ್ತಲೇ ದಾಸವಾಳಕ್ಕೆ ಹಳೇ ಸೀರೆ, ಮಲ್ಲಿಗೆಗೆ ಲಂಗ, ಕರಿಬೇವಿಗೆ ಮಾಮನ ಬನಿಯನ್. ಹಾಲು ಹಾಕಲು ಬಂದಾಕೆ ಮುಸುಕು ಹಾಕಿ ನಿಂತ ಈ ಸಾಲನ್ನು ಕಂಡು ಕಿಟಾರನೆ ಕಿರುಚಿದ್ದಳು.

"ಯಮ್ಮಾ, ನಮ್ಮ ದೇಶನೂರು ಹಳ್ಳ್ಯಾಗ ಮನಷ್ಯಾರಿಗೂ ಇಷ್ಟು ಹೊದಿಕಿ ಇಲ್ರಿ!"

ನಗುವಂತಿರಲಿಲ್ಲ. ಹಿಂದಿನ ವರ್ಷವಷ್ಟೇ ಮಾಮನಿಗೆ ಹೃದಯದ ಆಪರೇಷನ್ ಆಗಿತ್ತು. ತುಳಸಿ ಒಣಗಿದರೆ ಮನೆಯ ಯಜಮಾನನಿಗೆ ಕೇಡು ಎಂಬುದು ಅತ್ತೆಯ ನಂಬಿಕೆ. ಮಿಕ್ಕ ಗಿಡಗಳಿಗೆ ಹಳೇ ಬಟ್ಟೆ ನಡೆದೀತು, ತುಳಸಿಗೆ ಮೈಲಿಗೆ ಬಟ್ಟೆ ಉಂಟೆ? ಮಾಮನ ಮಡಿ ಪಂಚೆಯೇ ಆಗಬೇಕು. ಬೆಳಗ್ಗೆ ಪೂಜೆಯ ಹೊತ್ತಿಗೆ ಪಂಚೆ ತುಳಸಿಯ ಮೇಲೆ, ಮಾಮ ಒದ್ದೆ ಟವೆಲ್ಲಿನಲ್ಲಿ!

"ಅಲ್ಲಾ, ಥಂಡಿ ಗಿಡಕ್ಕೋ ನನಗೋ?"

"ಗಿಡಕ್ಕ ಬಾಯಿ ಇಲ್ಲ. ನಿಮಗದ!"

ಎಡವಟ್ಟಾದದ್ದೂ ಮಡಿಯಿಂದಲೇ. ದಿನವೂ ಸಂಜೆ ಪಂಚೆ ಹೊಸದಾಗಿ ಒಗೆಯಬೇಕು. ಸಂಜೆ ಒಗೆದದ್ದು ಸಂಜೆಗೇ ಒಣಗೀತೆ? ಅತ್ತೆ ಹಸಿಯಾಗಿಯೇ ಹೊದಿಸುತ್ತಿದ್ದರು. ಹಿಮ ಬೀಳದ ಊರಿನಲ್ಲಿ ತುಳಸಿಗೆ ತಾವೇ ಹಿಮವಾದರು! ಎಲೆಗಳು ಕಪ್ಪಾದವು. ಅತ್ತೆ ಊಟ ಬಿಟ್ಟರು. ಮಾಮ ಸುಮ್ಮನೆ ಕೆಮ್ಮಿದರೂ ಬೆಚ್ಚಿ ಓಡಿ ಬರುತ್ತಿದ್ದರು.

ಒಂದು ಮುಂಜಾನೆ ಮಾಮ ಮೊದಲ ಬಸ್ಸಿಗೇ ಕುರುಗೋಡಿನ ನಮ್ಮ ಮನೆಗೆ ಬಂದಿಳಿದರು.

"ಒಂದು ತುಳಸಿ ಗಿಡ ಕೊಡು. ಆಕಿ ಗುಡಿಗೆ ಹೋದಾಗ ಹಚ್ಚಿಬಿಡ್ತೀನಿ. ಒಣಗಿದ್ದು ನೋಡಿ ನೋಡಿ ಹೆದರಿ ಸಾಯ್ತಾಳ. ಹೇಳಬ್ಯಾಡ ಮತ್ತ!"

ಕೊಟ್ಟೆ. ಮರುವಾರ ಬಳ್ಳಾರಿಗೆ ಹೋದಾಗ ಕಟ್ಟೆಯಲ್ಲಿ ತುಳಸಿ ಹಸಿರಾಗಿ ನಿಂತಿತ್ತು. "ಹೆಂಗ ಚಿಗುರ್ಯದ ನೋಡತ್ತಿ!" ಎಂದು ನಾನೂ ನಾಟಕವಾಡಿದೆ. ಅತ್ತೆ ನನ್ನ ಕೈ ಹಿಡಿದು ಒಳಗೆ ಎಳೆದೊಯ್ದರು.

"ನಮ್ಮದು ಕೃಷ್ಣ ತುಳಸಿ, ಇದು ಬಿಳಿ ತುಳಸಿ. ಇಷ್ಟು ವರ್ಷ ನೀರು ಹಾಕಿದಾಕಿಗೆ ತಿಳಿಯಂಗಿಲ್ಲೇನು? ಆಪರೇಷನ್ ಆದಾಗಿಂದ ಅವರ ಎದಿ ಅಳ್ಳಕಾಗ್ಯದ. ನಾನಿನ್ನೂ ಹೆದರೀನಿ ಅಂತ ಗೊತ್ತಾದ್ರ ತಡಕೊಳ್ಳಂಗಿಲ್ಲ. ನನಗ ಗೊತ್ತದ ಅಂತ ಹೇಳಬ್ಯಾಡ."

ಕಣ್ಣೊರೆಸಿಕೊಂಡು ಅಂಗಳಕ್ಕೆ ಬಂದವರೇ, "ಏನ್ರೀ, ನನ್ನ ತುಳಸಿ ಬದುಕಿತು ನೋಡ್ರಿ!" ಎಂದು ಮಾಮನಿಗೆ ಕೇಳುವಂತೆ ಕೂಗಿದರು. ಗಟ್ಟಿಯಾಗಿ ಹಿಡಿದಿದ್ದ ನನ್ನ ಕೈಯನ್ನು ಮಾತ್ರ ಬಿಡಲೇ ಇಲ್ಲ.