ನಡುಮನೆಯ ಹೆದ್ದಾರಿ

ಸ್ವಂತ ಮನೆಯ ನಡುಮನೆಯಲ್ಲಿ ಬಗ್ಗಿ ಕಸ ಗುಡಿಸುತ್ತಿದ್ದ ಬೈಂಡರನಿಗೆ ಬೆನ್ನ ಹಿಂದೆ ಸೈಕಲ್ ಬೆಲ್ ಕೇಳಿಸಿತು. ತಿರುಗಿ ನೋಡಿದರೆ, ಹೆಗಲಿಗೆ ಚೀಲ ನೇತುಹಾಕಿಕೊಂಡ ಮನುಷ್ಯನೊಬ್ಬ ಸೈಕಲ್ಲಿನ ಮೇಲೆ ಕೂತು, ಒಂದು ಕಾಲನ್ನು ನೆಲಕ್ಕೆ ಊರಿ ಕಾಯುತ್ತಿದ್ದ.

"ಸ್ವಲ್ಪ ಸೈಡು" ಅಂದ.

ಬೈಂಡರ್ ಸೈಡು ಕೊಟ್ಟ. ಸೈಕಲ್ಲು ಮುಂದಿನ ಹೊಸ್ತಿಲನ್ನು ಧಡಕ್ಕನೆ ದಾಟಿ ಬೀದಿಗಿಳಿದು ಹೋಯಿತು. ಪಾಪ, ದಾರಿ ತಪ್ಪಿ ಬಂದಿರಬೇಕು ಅಂದುಕೊಂಡ. ಆದರೆ ದಾರಿ ತಪ್ಪಿದವನು ಅಷ್ಟು ನೆಟ್ಟಗೆ ಹೋಗುವುದು ಹೇಗೆ ಎಂಬುದು ಮಾತ್ರ ಅವನಿಗೆ ಬಗೆಹರಿಯಲಿಲ್ಲ.

ಪುಸ್ತಕಗಳಿಗೆ ರಟ್ಟು ಹಾಕುವುದು ಅವನ ಕಸುಬು. ಅಣ್ಣನ ಮನೆಯಲ್ಲಿ ಅವನಿಗೂ ಅವನ ಹೆಂಡತಿಗೂ ಸಿಕ್ಕಿದ್ದು ನಟ್ಟನಡುವಿನ ಒಂದು ಕೋಣೆ. ಅದನ್ನು ದಾಟದೆ ಯಾರೂ ಮಹಡಿ ಮೆಟ್ಟಿಲು ಹತ್ತುವಂತಿರಲಿಲ್ಲ. ಮದುವೆಯಾದಂದಿನಿಂದ ಗಂಡಹೆಂಡಿರು ಒಂದು ಮಾತನ್ನಾದರೂ ಪೂರ್ತಿ ಆಡಿದ್ದಿಲ್ಲ. ಅರ್ಧ ಆಡುವಷ್ಟರಲ್ಲಿ ಒದ್ದೆಬಟ್ಟೆಯ ಬಕೀಟು ಹಿಡಿದು ಅತ್ತಿಗೆಯೋ, ಗಾಳಿಪಟ ಹಿಡಿದು ಅಣ್ಣನ ಮಕ್ಕಳೋ ಹಾಸಿಗೆಯ ಅಂಚು ತುಳಿದುಕೊಂಡು ಹೋಗುತ್ತಿದ್ದರು. ಬಾಗಿಲು ಹಾಕಿ, ಚಿಲಕ ಸೇರಿಸಿ, ಒಳಗೆ ತಾನೊಬ್ಬನೇ ಗಳಿಗೆ ಹೊತ್ತು ಕೂರಬೇಕೆಂಬುದು ಅವನ ಜೀವಮಾನದ ಆಸೆ. ಆ ಆಸೆಗೆ ಬಿದ್ದು, ಕೈಯಲ್ಲಿದ್ದುದನ್ನೆಲ್ಲ ಸುರಿದು ಈ ಪಾಳು ಮನೆ ಕೊಂಡಿದ್ದ. ಗೋಡೆ ಗಟ್ಟಿಯಾಗಿತ್ತು, ಮಾಡೂ ಪರವಾಗಿರಲಿಲ್ಲ. ಬಾಗಿಲುಗಳನ್ನು ಮಾತ್ರ ಯಾರೋ ಪುಣ್ಯಾತ್ಮರು ಯಾವ ಕಾಲದಲ್ಲೋ ಕಿತ್ತು ಒಲೆಗಿಟ್ಟಿದ್ದರು. ರಟ್ಟು ಹರಿದ ಪುಸ್ತಕದಂತೆ ಮನೆ ಹಿಂದೂ ಮುಂದೂ ಬಿಚ್ಚಿಕೊಂಡಿತ್ತು.

ಹೆಂಡತಿ ಇನ್ನೂ ಮನೆ ನೋಡಿರಲಿಲ್ಲ. "ಸಂಜೆ ಬರ್ತೀನಿ. ಮನೆ ನಂಗೆ ಒಪ್ಪಿಗೆಯಾದ್ರೆ ನಾಳೆನೇ ಗಂಟುಮೂಟೆ ಕಟ್ಟೋದು. ಇಲ್ಲಾಂದ್ರೆ ಗೋಡೌನಿಗೆ ಬೇಕು ಅಂತ ಕೇಳ್ತಿದ್ದಾರಲ್ಲ, ಅವರಿಗೆ ಮಾರಿ ಸುಮ್ನಿದ್ದುಬಿಡಿ" ಎಂದು ಬೆಳಗ್ಗೆಯೇ ಖಡಾಖಂಡಿತವಾಗಿ ಹೇಳಿದ್ದಳು. ಅವಳು ಹೇಳಿದ್ದೆಂದರೆ ಮುಗಿಯಿತು. ಅದಕ್ಕೇ ಬಡಗಿಯನ್ನು ಕರೆತಂದು, ತಳ್ಳುಗಾಡಿಯಲ್ಲಿ ಎರಡು ಹೊಸ ಬಾಗಿಲು ಹೇರಿಸಿಕೊಂಡು ಬಂದಿದ್ದ.

ಬಡಗಿ ಮುಂದಿನ ಚೌಕಟ್ಟಿನ ಅಳತೆ ತೆಗೆಯುತ್ತಿರುವಾಗ, ತಲೆಯ ಮೇಲೆ ಹಾಲಿನ ಕ್ಯಾನು ಹೊತ್ತ ಹೆಂಗಸೊಬ್ಬಳು ಹಿತ್ತಲಿನಿಂದ ಒಳಗೆ ಬಂದಳು. ಪೊರಕೆ ಹಿಡಿದ ಬೈಂಡರನನ್ನು ಕಂಡು ಅವಳಿಗೆ ಬಹಳ ಸಂತೋಷವಾಯಿತು.

"ಅಬ್ಬಾ, ಕೊನೆಗೂ ಗುಡಿಸೋಕೆ ಒಬ್ಬ ಬಂದ್ಯಲ್ಲಪ್ಪ! ಎಷ್ಟು ಸಲ ಅರ್ಜಿ ಕೊಟ್ಟಿದ್ವಿ ಗೊತ್ತಾ? ಮುನ್ಸಿಪಾಲ್ಟಿಯಿಂದ ತಾನೇ?"

"ಅಲ್ಲಮ್ಮ, ನಾನು ಮನೆ ಯಜಮಾನ."

"ಯಾವ ಮನೆಗೆ?"

"ಇದೇ ಮನೆಗೆ."

ಅವಳು ಕ್ಯಾನನ್ನು ಒಂದು ಕೈಯಲ್ಲಿ ಹಿಡಿದು ಸುತ್ತಲೂ ನೋಡಿದಳು. ಎಡಗಡೆಯ ಗೋಡೆ ನೋಡಿದಳು, ಬಲಗಡೆಯ ಗೋಡೆ ನೋಡಿದಳು. "ಎಲ್ಲಿದೆ ಮನೆ?" ಎಂದಳು. ಅವಳು ತಮಾಷೆಗೆ ಕೇಳಿರಲಿಲ್ಲ. ನಿಜವಾಗಿಯೂ ಅವಳಿಗೆ ಕಾಣಿಸಿರಲಿಲ್ಲ.

ಬೈಂಡರ್ ಇಂಗು ತಿಂದ ಮಂಗನಂತೆ ನಿಂತ. ಅಷ್ಟರಲ್ಲಿ ಮುಂದಿನಿಂದ ಇಬ್ಬರು ಹೆಂಗಸರು ಮಾತಾಡುತ್ತ ಬಂದು ಹಿಂದಕ್ಕೆ ಹೋದರು. ಹಿಂದಿನಿಂದ ಒಂದು ನಾಯಿ ಬಂದು, ಅವನನ್ನು ಅನುಮಾನದಿಂದ ನೋಡಿ, ಮುಂದಕ್ಕೆ ಹೋಯಿತು. ಆಮೇಲೆ ಒಂದು ಏಣಿ ಬಂತು. ಅದರ ತುದಿ ಮುಂದಿನ ಬೀದಿಯನ್ನು ಮುಟ್ಟಿದರೂ ಅದನ್ನು ಹೊತ್ತ ಪೇಂಟರ್ ಇನ್ನೂ ಅಡುಗೆಮನೆಯ ಪಕ್ಕದಲ್ಲೇ ಇದ್ದ. ಬಡಗಿ ಎಲ್ಲರಿಗೂ ಕೈಮುಗಿದು ದಾರಿ ಬಿಡುತ್ತಿದ್ದ. ಪೇಂಟರನ ಕೈಯಲ್ಲಂತೂ ಅಳತೆ ಟೇಪಿನ ಒಂದು ತುದಿ ಹಿಡಿಸಿಯೂ ಆಗಿತ್ತು.

"ಬಳಗ ಚೆನ್ನಾಗಿ ಬೆಳೆಸಿದ್ದೀರ ಸಾರ್" ಎಂದ ಬಡಗಿ. "ಒಬ್ಬರಾದ ಮೇಲೆ ಒಬ್ಬರು ಬಂದು ನೋಡ್ಕೊಂಡು ಹೋಗ್ತಿದ್ದಾರೆ."

"ಇವರ್ಯಾರೂ ನಮ್ಮೋರಲ್ಲ ಕಣಯ್ಯ!"

"ಹಾಗಾದ್ರೆ ಯಾರು?"

"ಅದೇ ನಂಗೂ ಅರ್ಥ ಆಗ್ತಿಲ್ಲ."

ಅರ್ಥ ಮಾಡಿಸಿದವರು ನಿವೃತ್ತ ಹೆಡ್‌ಮೇಷ್ಟ್ರು. ಕೊಡೆ ಊರಿಕೊಂಡು ಹಿತ್ತಲಿನಿಂದ ಬಂದವರು, ನಡುಮನೆಯ ಮಧ್ಯದಲ್ಲಿ ನಿಂತು, ದಡ್ಡ ಹುಡುಗನಿಗೆ ಭೂಗೋಳ ಹೇಳುವಂತೆ ಹೇಳಿದರು. "ನೋಡಪ್ಪ, ಇದರ ಹಿಂದೆ ಕೆಳಗಿನ ಬೀದಿ, ಮುಂದೆ ಮೇಲಿನ ಬೀದಿ. ಬಸ್‌ಸ್ಟಾಪು, ಅಂಗಡಿ, ಡಾಕ್ಟ್ರು ಎಲ್ಲ ಮೇಲೆ. ಜನ ಎಲ್ಲ ಕೆಳಗೆ. ಮನೆಗಳೆಲ್ಲ ಒಂದಕ್ಕೊಂದು ಅಂಟ್ಕೊಂಡಿವೆ, ಸಂದು ಅನ್ನೋದೇ ಇಲ್ಲ. ಇದರೊಳಗೆ ಬಂದ್ರೆ ನಾಲ್ಕು ಹೆಜ್ಜೆ. ಇಲ್ಲಾಂದ್ರೆ ಸಾಮಿಲ್ಲು ದಾಟಿ, ಕಾಲುವೆ ಸೇತುವೆ ಹತ್ತಿಳಿದು ಸುತ್ತು ಹಾಕಬೇಕು. ಅಂದ ಹಾಗೆ ನೀನ್ಯಾಕೆ ದಾರೀಲಿ ಪೊರಕೆ ಹಿಡ್ಕೊಂಡು ನಿಂತಿದ್ದೀಯ?"

ಆಗ ಬೈಂಡರನಿಗೆ ಮನೆ ತೋರಿಸಿದ ಬ್ರೋಕರ್ ನೆನಪಾದ. ಅಂದೂ ಹೀಗೇ ಯಾರೋ ಮೂರ್ನಾಲ್ಕು ಜನ ಒಳಗೆ ಹಾದುಹೋಗಿದ್ದರು. "ನೋಡಿದ್ರಾ ಸಾರ್? ಎಲ್ಲ ಈ ಮನೆ ಮೇಲೆ ಕಣ್ಣಿಟ್ಟೋರೇ. ಈಗ್ಲೇ ಅಡ್ವಾನ್ಸ್ ಕೊಡದಿದ್ರೆ ಕೈ ತಪ್ಪುತ್ತೆ" ಎಂದು ಅವನು ಕಿವಿಯಲ್ಲಿ ಉಸುರಿದ್ದ. ಬೈಂಡರ್ ಅಲ್ಲೇ ನಿಂತಲ್ಲೇ ಜೇಬಿಗೆ ಕೈ ಹಾಕಿದ್ದ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯಬಾರದು ಎಂದು ಅವನ ಅಮ್ಮ ಹೇಳುತ್ತಿದ್ದುದುಂಟು. ಮಾರಿ ಹೋಗುವ ದಾರಿಯೇ ಮನೆಯೊಳಗಿದ್ದರೆ ಏನು ಮಾಡಬೇಕೆಂದು ಮಾತ್ರ ಅವರೂ ಹೇಳಿರಲಿಲ್ಲ.

"ಮೇಷ್ಟ್ರೇ, ಇವತ್ತಿಂದ ಇದು ದಾರಿಯಲ್ಲ, ಮನೆ. ಎರಡೂ ಕಡೆ ಬಾಗಿಲು ಬರುತ್ತೆ" ಎಂದ, ಆದಷ್ಟು ಗತ್ತಿನಿಂದ.

ಮೇಷ್ಟ್ರು ಮರುಮಾತಾಡದೆ ಹೊರಟುಹೋದರು. ಬೈಂಡರ್ ಗೆದ್ದೆನೆಂದುಕೊಂಡ. ಅವರು ಜನ ಸೇರಿಸಲು ಹೋಗಿದ್ದರು.

ಮಧ್ಯಾಹ್ನದ ಹೊತ್ತಿಗೆ ಮುಂದಿನ ಬಾಗಿಲು ಕೂತಿತು. ಬೈಂಡರ್ ಅದನ್ನು ಹಾಕಿ ಚಿಲಕ ಸೇರಿಸಿದ. ಆ ಸದ್ದು ಅವನಿಗೆ ಎಷ್ಟು ಹಿತವಾಯಿತೆಂದರೆ, ತೆಗೆದು ಇನ್ನೊಮ್ಮೆ ಹಾಕಿದ. ತಿರುಗಿ ನೋಡಿದರೆ ನಡುಮನೆ ತುಂಬ ಜನ. ಹಿಂದಿನಿಂದ ಬಂದವರೆಲ್ಲ ಮುಂದೆ ದಾರಿ ಕಾಣದೆ ಹಳ್ಳದ ಬಾಯಲ್ಲಿ ಕಸ ಕಟ್ಟಿಕೊಂಡಂತೆ ಕಟ್ಟಿಕೊಂಡಿದ್ದರು. ಹಾಲಿನಾಕೆ ಇದ್ದಳು, ಸೈಕಲ್ಲಿನವನಿದ್ದ, ಪೇಂಟರನಿದ್ದ, ಏಣಿಯೂ ಇತ್ತು. ಎಲ್ಲರ ಮುಂದೆ ಮೇಷ್ಟ್ರು.

"ನಿನ್ನ ಮನೆ ನಮಗೆ ಬೇಡಪ್ಪ" ಎಂದು ಮೇಷ್ಟ್ರು ಸಮಾಧಾನವಾಗಿ ಶುರುಮಾಡಿದರು. "ಆ ಕೋಣೆ ನಿಂದು, ಈ ಕೋಣೆ ನಿಂದು, ಅಡುಗೆಮನೆ, ಬಚ್ಚಲು ಎಲ್ಲ ನಿಂದೇ. ನಡುಮನೆ ಒಂದು ಬಿಟ್ಟುಬಿಡು."

"ನಡುಮನೆ ಬಿಟ್ಟು ಮನೆ ಹೇಗೆ ಸಾರ್ ಆಗುತ್ತೆ?"

"ನಾವೇನು ಇಲ್ಲೇ ಕೂತ್ಕೋತೀವಾ? ಊಟ ಕೇಳ್ತೀವಾ? ಕಾಫಿ ಕೇಳ್ತೀವಾ? ಬಂದಷ್ಟೇ ಬೇಗ ಹೋಗ್ತೀವಿ" ಎಂದಳು ಹಾಲಿನಾಕೆ. "ಇಂಥ ನೆಂಟರು ಯಾರಿಗೆ ಸಿಗ್ತಾರೆ ಹೇಳು?"

ಅದೂ ನಿಜವೆನ್ನಿಸಿ ಬೈಂಡರನ ತಲೆ ಗಿರ್ರೆಂದಿತು. ಇನ್ನು ಸ್ವಲ್ಪ ಹೊತ್ತು ಕೇಳಿದರೆ ತಾನೇ ಕ್ಷಮೆ ಕೇಳಿ ಮನೆ ಬಿಟ್ಟು ಹೋಗಬಹುದೆಂದು ಹೆದರಿ, ಹೆಂಡತಿಯ ಮುಖ ನೆನೆದು ಧೈರ್ಯ ತಂದುಕೊಂಡು, ಎಲ್ಲರನ್ನೂ ಬಂದ ದಾರಿಗೇ ಸಾಗಹಾಕಿದ. ಏಣಿಯನ್ನು ತಿರುಗಿಸಲು ಜಾಗ ಸಾಲದೆ ಪೇಂಟರ್ ಹಿಮ್ಮುಖವಾಗಿ ನಡೆದು ಹೋಗಬೇಕಾಯಿತು. ಹೋಗುವಾಗ ಅವನು ಅಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಬಿಸಿಲು ಇಳಿಯುವಷ್ಟರಲ್ಲಿ ಹಿಂದಿನ ಬಾಗಿಲೂ ಬಂತು. ಅಲ್ಲಿಂದ ಶುರುವಾಯಿತು ನೋಡಿ ತಟ್ಟುವುದು. ಮುಂದಿನಿಂದ ಒಬ್ಬ, "ಬಾಗಿಲು ತೆಗೀರಿ, ಜ್ವರದ ಮಾತ್ರೆ ತಗೊಂಡು ಹೋಗ್ತಿದ್ದೀನಿ." ಬೈಂಡರ್ ಕರಗಿ ತೆಗೆದ. ಹಿಂದಿನಿಂದ ಒಬ್ಬ, "ಬಸ್ಸು ಹೋಗುತ್ತೆ ಸ್ವಾಮಿ, ಇದೊಂದು ಸಲ." ತೆಗೆದ. ಹಿಂದೆಯೇ ಹಾಲಿನಾಕೆಯ ದನಿ, "ಬೇಗ ತೆಗಿಯಪ್ಪ, ನಿನ್ನ ಹೆಂಡ್ತಿ ಬಂದು ನಿಂತಿದ್ದಾರೆ!" ಬೈಂಡರ್ ಓಡಿಹೋಗಿ ತೆಗೆದ. ಸೈಕಲ್ಲು, ಏಣಿ, ನಾಯಿ ಸಮೇತ ಇಡೀ ಕೆಳಗಿನ ಬೀದಿ ಅವನನ್ನು ಗೋಡೆಗೆ ಒತ್ತಿ ಮೇಲಿನ ಬೀದಿಗೆ ಹರಿದುಹೋಯಿತು.

"ಎಲ್ಲಮ್ಮ ನನ್ನ ಹೆಂಡ್ತಿ?"

"ಈಗ ಇದ್ದರಪ್ಪ. ಹೋದ್ರೋ ಏನೋ" ಎಂದಳು ಅವಳು, ತಿರುಗಿಯೂ ನೋಡದೆ.

ಅಂದಿನಿಂದ, ಅಂದರೆ ಆ ಗಳಿಗೆಯಿಂದ, ಬೈಂಡರ್ ಕಲ್ಲಾದ. ಇನ್ನು ಯಾರೇ ಬರಲಿ, ಏನೇ ಹೇಳಲಿ, ಹಿಂದಿನ ಬಾಗಿಲು ತೆಗೆಯಕೂಡದೆಂದು ಶಪಥ ಮಾಡಿದ. ಹೆಂಡತಿ ಹೇಗೂ ಬಸ್ಸಿನಲ್ಲಿ ಮೇಲಿನ ಬೀದಿಗೇ ಬರುವವಳು. ಬಡಗಿ ಬಾಗಿಲಿನ ಅಂಚನ್ನು ಕರಕರನೆ ಹೆರೆಯುತ್ತಿದ್ದಾಗ ಹಿತ್ತಲ ಕಡೆಯಿಂದ ಮತ್ತೆ ಸದ್ದು.

"ಯಾರದು?"

"ನಾನು ರೀ. ಬಾಗಿಲು ತೆಗೀರಿ."

"ನಾನು ಅಂದ್ರೆ?"

"ನಿಮ್ಮ ಹೆಂಡ್ತಿ ರೀ!"

ಬೈಂಡರ್ ಬಡಗಿಯತ್ತ ನೋಡಿ ಕಣ್ಣು ಮಿಟುಕಿಸಿದ. "ನೋಡಿದ್ಯಾ, ಈಗ ದನಿಯನ್ನೂ ಕಲಿತಿದ್ದಾರೆ" ಎಂದು, ಬಾಗಿಲ ಹತ್ತಿರ ಹೋಗಿ, ಬೆಳಗಿನಿಂದ ಒಳಗೆ ಕುದಿಯುತ್ತಿದ್ದುದನ್ನೆಲ್ಲ ಒಂದೇ ಉಸಿರಿಗೆ ಕಕ್ಕಿದ. "ನನ್ನ ಹೆಂಡ್ತಿ ಇಷ್ಟು ಮೆತ್ತಗೆ ಮಾತಾಡೋಳಲ್ಲ ಕಣಮ್ಮ! ಅವಳಾಗಿದ್ರೆ ಇಷ್ಟೊತ್ತಿಗೆ ಬಾಗಿಲು ಮುರಿದು ಒಳಗೆ ಬಂದಿರ್ತಿದ್ಲು. ಅವಳ ಗಂಟಲು ನಂಗೆ ಗೊತ್ತಿಲ್ವಾ? ಅವಳು ಕೆಮ್ಮಿದ್ರೇ ಅಣ್ಣನ ಮನೆ ಹೆಂಚು ಅಲ್ಲಾಡುತ್ತೆ. ಸುಮ್ನೆ ಸಾಮಿಲ್ಲು ಸುತ್ತಾಕ್ಕೊಂಡು ಹೋಗಿ, ಹೋಗಿ!"

ಹೊರಗೆ ಚಪ್ಪಲಿಯ ಸದ್ದು ದೂರ ಸರಿಯಿತು. ಬಡಗಿಯೂ ಹೆರೆಯುವುದನ್ನು ನಿಲ್ಲಿಸಿದ್ದ.

"ಹೇಗೆ?" ಎಂದ ಬೈಂಡರ್. ಜೀವನದಲ್ಲಿ ಮೊದಲ ಸಲ ಯಾರನ್ನೋ ಗದರಿಸಿ ಗೆದ್ದ ಖುಷಿ ಅವನ ಮುಖದ ಮೇಲಿತ್ತು.

ಎರಡೂ ಕಡೆ ಬಾಗಿಲು ಹಾಕಿದ ಸ್ವಂತ ಮನೆಯಲ್ಲಿ ಅವನು ಬಹಳ ಹೊತ್ತು ಸುಖವಾಗಿ ಓಡಾಡಿದ. ಹೊತ್ತು ಮುಳುಗುತ್ತಿರುವಾಗ ಮುಂದಿನ ಬಾಗಿಲು ಮರ್ಯಾದೆಯಿಂದ ಸದ್ದಾಯಿತು. ಇದು ಅವಳೇ ಎಂದು ಕೂದಲು ನೇವರಿಸಿಕೊಂಡು ಬಾಗಿಲು ತೆಗೆದ. ಅವಳೇ ನಿಂತಿದ್ದಳು. ಬೆವರಿನಿಂದ ಸೀರೆ ಮೈಗಂಟಿತ್ತು, ಒಂದು ಚಪ್ಪಲಿ ಕಾಲಲ್ಲಿತ್ತು, ಹರಿದ ಇನ್ನೊಂದು ಕೈಯಲ್ಲಿತ್ತು. ಅವಳ ಚೀಲವನ್ನು ಹಾಲಿನಾಕೆ ಹಿಡಿದಿದ್ದಳು. ಮೇಷ್ಟ್ರು ತಮ್ಮ ಕೊಡೆಯನ್ನು ಅವಳಿಗೆ ಊರುಗೋಲಾಗಿ ಕೊಟ್ಟಿದ್ದರು. ಅವರ ಹಿಂದೆ ಬೀದಿ ತುಂಬ ಜನ.

"ಆಟೋದವನು ಕೆಳಗಿನ ಬೀದೀಲಿ ಇಳಿಸಿದ" ಎಂದಳು ಹೆಂಡತಿ. "ಆ ಪಾಳು ಮನೆ ಒಳಗೆ ನುಗ್ಗಿದ್ರೆ ಮೇಲಿನ ಬೀದಿ ಅಂದ."

ಅವಳು ಇನ್ನೂ ಮೆತ್ತಗೇ ಮಾತಾಡುತ್ತಿದ್ದಳು, ಅದೇ ಬೈಂಡರನಿಗೆ ಭಯ ಹುಟ್ಟಿಸಿದ್ದು. ಅವಳು ಒಳಗೆ ಬಂದು ಕೋಣೆಗಳನ್ನು ನೋಡಿದಳು, ಅಡುಗೆಮನೆ ನೋಡಿದಳು, ಗೋಡೆ ತಟ್ಟಿ ನೋಡಿದಳು. ಜನ ಉಸಿರು ಬಿಗಿಹಿಡಿದು ಹೊಸ್ತಿಲಾಚೆ ನಿಂತಿದ್ದರು. ಬೈಂಡರನೂ ಅವರ ಜೊತೆಗೇ ನಿಂತಿದ್ದ.

"ಮನೆ ನಂಗೆ ಒಪ್ಪಿಗೆ" ಎಂದಳು.

ಬೈಂಡರನಿಗೆ ಕಣ್ಣಲ್ಲಿ ನೀರೇ ಬಂತು. "ನಿಜವಾಗ್ಲೂ?"

"ಹ್ಞೂಂ. ಎಷ್ಟು ಒಳ್ಳೆ ಜನ! ಸುತ್ತು ಹಾಕುವಾಗ ಸೇತುವೆ ಹತ್ರ ನಂಗೆ ತಲೆ ತಿರುಗಿ ಬಂತು. ಇವರೇ ನೀರು ಕೊಟ್ಟು ಕೈಹಿಡಿದು ಕರ್ಕೊಂಡು ಬಂದ್ರು. ದಿನಾ ಇವರು ಹಾಗೆ ಸುತ್ತು ಹಾಕ್ಬೇಕಾ? ಆಗಲ್ಲ. ನಾನು ಮಾತು ಕೊಟ್ಟಿದ್ದೀನಿ. ಮುಂದಿನ ಬಾಗಿಲು ಮಲಗೋವಾಗ ಹಾಕಿದ್ರೆ ಸಾಕು. ಹಿಂದಿನದನ್ನ ಈಗ್ಲೇ ಕೀಳ್ಸಿ. ಇದ್ರೆ ನೀವು ಹಾಕ್ತೀರಿ."

"ನೀನೇ ಅಲ್ವೇ, ಅಣ್ಣನ ಮನೇಲಿ ಎಲ್ಲ ತುಳ್ಕೊಂಡು ಓಡಾಡ್ತಾರೆ ಅಂತ..."

"ಅಲ್ಲಿ ನೆಂಟರು ರೀ. ಇವರು ಹಾಗಲ್ಲ, ಹೋಗ್ತಾರೆ" ಎಂದಳು ಅವಳು. ಹಾಲಿನಾಕೆ ತಲೆಯಾಡಿಸಿದಳು.

ಬಡಗಿ ಉಳಿ ಹಾಕಿ ಹಿಂದಿನ ಬಾಗಿಲನ್ನು ಕಿತ್ತ. ಜನ ತಡೆ ಒಡೆದ ನೀರಿನಂತೆ ತಂತಮ್ಮ ಮನೆಗೆ ಹೊರಟರು. ಹೋಗುವವರೆಲ್ಲ ಬೈಂಡರನ ಹೆಂಡತಿಯನ್ನು ಮಾತಾಡಿಸಿಕೊಂಡೇ ಹೋದರು. ಅವನನ್ನು ಯಾರೂ ಗಮನಿಸಲಿಲ್ಲ. "ಈ ಬಾಗಿಲು ಏನ್ ಮಾಡ್ಲಿ ಸಾರ್? ದುಡ್ಡು ದಂಡ ಆಗುತ್ತೆ" ಎಂದು ಬಡಗಿ ಕನಿಕರದಿಂದ ಕೇಳಿದ. "ಸ್ವಲ್ಪ ಕೊಯ್ದ್ರೆ ಬಚ್ಚಲಿಗೆ ಸರಿಹೋಗುತ್ತೆ ನೋಡಿ."

"ಏನಾದ್ರೂ ಮಾಡಪ್ಪ" ಎಂದ ಬೈಂಡರ್.

ಬಡಗಿ ಕೊಯ್ದು ಕೂರಿಸಿದ. ಅವನು ಸಾಮಾನು ಕಟ್ಟುವುದೇ ತಡ, ಬೈಂಡರ್ ಒಳಗೆ ಹೋಗಿ ಚಿಲಕ ಹಾಕಿಕೊಂಡು, ಬೋರಲು ಬಿದ್ದಿದ್ದ ಹಳೆಯ ಬಕೀಟಿನ ಮೇಲೆ ಕೂತ. ಹೊರಗೆ ಹೆಜ್ಜೆ ಸದ್ದು, ಸೈಕಲ್ ಬೆಲ್ಲು, ಹೆಂಡತಿಯ ನಗು. ಒಳಗೆ ಅವನೊಬ್ಬನೇ. ಇಷ್ಟಾದರೂ ಸಿಕ್ಕಿತಲ್ಲ ಎಂದು ಕಣ್ಣು ಮುಚ್ಚಿದ. ಎದೆಯೊಳಗೆ ತಂಪು ಇಳಿಯತೊಡಗಿತು.

ಬಾಗಿಲು ದಬದಬನೆ ಸದ್ದಾಯಿತು.

"ಯಾರ್ರೀ ಒಳಗಿರೋದು? ಸ್ವಲ್ಪ ಬೇಗ!" ಮೇಷ್ಟ್ರ ದನಿ. "ಎಷ್ಟೋ ವರ್ಷದಿಂದ ಈ ದಾರೀಲಿ ಇದೊಂದೇ ಕೊರತೆ ಇತ್ತು ನೋಡಿ. ನನ್ನ ಹಿಂದೆ ಇನ್ನೂ ನಾಲ್ಕು ಜನ ಇದ್ದಾರೆ."

ಬೈಂಡರ್ ಎದ್ದು ಚಿಲಕ ತೆಗೆದ.